ಹಂಡೆಗೊಂದು ಹಬ್ಬ

ಮನುಷ್ಯ ಎಷ್ಟರಮಟ್ಟಿಗೆ ನಾಗರಿಕನಾದ ಎಂಬುದನ್ನು ಅಳೆಯಲು ಪಂಡಿತರು ಹಲವು ಅಳತೆಗೋಲುಗಳನ್ನು ಸೂಚಿಸಿದ್ದಾರೆ. ಲಿಪಿ ಒಂದು, ಚಕ್ರ ಒಂದು, ಕಟ್ಟಡ ಒಂದು, ಕಾವ್ಯ ಒಂದು. ಇವುಗಳ ಜೊತೆಗೆ ಇನ್ನೊಂದು ಚಿಕ್ಕ ಅಳತೆಗೋಲನ್ನೂ ಇಟ್ಟುಕೊಳ್ಳಬಹುದೆಂದು ನನಗೆ ಎಷ್ಟೋ ಸಲ ಅನಿಸಿದೆ. ಮಾರ್ಗಶಿರ ಮಾಸದ ಒಂದು ನಸುಕಿನಲ್ಲಿ ಮನೆಯ ಮುದುಕರಿಗೆ, ಬಾಣಂತಿಗೆ, ಶಾಲೆಗೆ ಹೊರಟ ಮಕ್ಕಳಿಗೆ, ರಾತ್ರಿಯೆಲ್ಲ ಹೊಲಕ್ಕೆ ನೀರು ಹಾಯಿಸಿ ಬಂದವನಿಗೆ, ಮತ್ತು ಎಲ್ಲರ ಸರದಿ ಮುಗಿದ ಮೇಲೆ ಮೀಯುವ ಮನೆಯ ಹೆಣ್ಣುಮಗಳಿಗೆ ಸಹ, ಯಾವ ಅಪಾಯವೂ ಇಲ್ಲದೆ ಎರಡು ಕೊಡ ಬಿಸಿನೀರು ಸಿಗುತ್ತದೆಯೆ? ಸಿಗುವುದಾದರೆ ಆ ಮನೆ, ಆ ಊರು, ಆ ಕಾಲ ನಾಗರಿಕವಾದುದೆಂದು ಒಪ್ಪಲು ಅಡ್ಡಿಯಿಲ್ಲ.

ಬಿಸಿನೀರು ನಮ್ಮ ಭಾಷೆಯಷ್ಟೇ ಹಳೆಯದು. ತಣ್ಣೀರಿಗೆ ಜೊತೆಯಾಗಿ ಹಳಗನ್ನಡದಲ್ಲಿ ಬೆನ್ನೀರು ಎಂಬ ಚೆಲುವಾದ ಶಬ್ದವಿತ್ತು. ಮೀಯುವುದಕ್ಕೆ ಮಜ್ಜನವೆಂದರು, ದೇವರಿಗೂ ಮಜ್ಜನ, ಮನುಷ್ಯರಿಗೂ ಮಜ್ಜನ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಸನ ಉಪಭೋಗಗಳನ್ನು ಎಣಿಸುವಾಗ ಸ್ನಾನಕ್ಕೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅರಸನ ಸ್ನಾನ ಗ್ರಂಥವನ್ನು ಸೇರಿತು. ಆ ನೀರನ್ನು ಕಾಯಿಸಿದವರು ಯಾರು, ಒಲೆಯನ್ನು ಊದಿದವರು ಯಾರು, ಕಿಲುಬನ್ನು ತಿಕ್ಕಿದವರು ಯಾರು ಎಂಬ ಸಂಗತಿ ಮಾತ್ರ ಗ್ರಂಥಗಳಿಗೆ ಸಾಮಾನ್ಯವಾಗಿ ನಿಲುಕುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಮೀಯುವವರ ಸುಖವನ್ನಲ್ಲ, ನೀರು ಕಾಯಿಸುವ ಸಾಧನವನ್ನು ಕಾಯ್ದುಕೊಳ್ಳುವವರ ವಿವೇಕವನ್ನು.

ನಮ್ಮ ಸುರೇಬಾನ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನ ಊರು. ಮನಿಹಾಳದ ಹೆಸರನ್ನು ಬಿಟ್ಟು ಸುರೇಬಾನದ ಹೆಸರನ್ನು ನಮ್ಮ ಕಡೆಯ ಜನ ಹೇಳುವುದು ಕಡಿಮೆ. ಅಷ್ಟು ಒತ್ತಿಗೊತ್ತಿದ ಊರುಗಳು. ಸಮೀಪದಲ್ಲಿಯೇ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು ಅಲ್ಲಿಯೇ ಎಂಬುದು ನಮ್ಮವರ ನಂಬಿಕೆ. ಶಬರಿಗೆ ತಣ್ಣೀರೇ ಸಾಕಾಗಿತ್ತೇನೋ. ಆದರೆ ಆ ಕಲ್ಲುಗುಡ್ಡಗಳ ಮೇಲಿಂದ ಬರುವ ಚಳಿಗಾಲದ ಗಾಳಿಯನ್ನು ಬಲ್ಲ ನಮ್ಮ ಊರಿನವರು ಬಚ್ಚಲ ಮನೆಯಲ್ಲಿ ನೀರೊಲೆಯನ್ನು ಹೂಡದೆ ಮನೆ ಕಟ್ಟುತ್ತಿರಲಿಲ್ಲ.

ನೀರೊಲೆಯ ರಚನೆ ಸರಳವಾದುದು. ಬಚ್ಚಲಿನ ಮೂಲೆಯಲ್ಲಿ ಮಣ್ಣು ಕಲ್ಲುಗಳಿಂದ ಕಟ್ಟಿದ ಒಲೆ. ಅದರ ಮೇಲೆ ಕುತ್ತಿಗೆಯವರೆಗೆ ಹುಗಿದಂತೆ ಕುಳ್ಳಿರಿಸಿದ ತಾಮ್ರದ ಹಂಡೆ. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಜಾಲಿ, ಕುಳ್ಳು, ಕಬ್ಬಿನ ಸೀಮೆಯಾದರೆ ರವದಿ, ಹೀಗೆ ಅಡಿಗೆಯ ಒಲೆಗೆ ಸಲ್ಲದ ಉರವಲೆಲ್ಲ ನೀರೊಲೆಗೆ ಸಲ್ಲುತ್ತಿತ್ತು. ಹಂಡೆಗೆ ತಾಮ್ರವನ್ನೇ ಆರಿಸಿದ್ದರಲ್ಲಿ ಅರ್ಥವಿದೆ. ತಾಮ್ರವು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ನಮ್ಮ ಅಜ್ಜಂದಿರು ಈ ಲೆಕ್ಕವನ್ನು ಪುಸ್ತಕದಲ್ಲಿ ಓದಿರಲಿಲ್ಲ. ಕಟ್ಟಿಗೆಯ ಹೊರೆಯಲ್ಲಿ ಓದಿದ್ದರು.

ಆ ಹಂಡೆಯ ಸುತ್ತ ಕೆಲವು ಕಟ್ಟುನಿಟ್ಟುಗಳಿದ್ದವು. "ನೀರು ನೋಡದ ಬೆಂಕಿ ಹಚ್ಚಬ್ಯಾಡ" ಎಂಬುದು ನನ್ನ ಅವ್ವನ ಮೊದಲನೆಯ ಶಾಸನ. ಒಂದು ತಂಬಿಗೆ ಬಿಸಿನೀರು ತೆಗೆದರೆ ಒಂದು ತಂಬಿಗೆ ತಣ್ಣೀರು ಹಾಕಬೇಕೆಂಬುದು ಎರಡನೆಯದು. ಕೊನೆಗೆ ಮಿಂದವರು ಹಂಡೆಯನ್ನು ತುಂಬಿಯೇ ಹೊರಗೆ ಬರಬೇಕೆಂಬುದು ಮೂರನೆಯದು. ಚಿಕ್ಕವರಾದ ನಮಗೆ ಇವು ಹಿರಿಯರ ಗೊಣಗಾಟವೆಂದು ತೋರುತ್ತಿದ್ದವು. ವಿಚಾರ ಮಾಡಿ ನೋಡಿದರೆ ಮೂರರ ಹಿಂದೆಯೂ ಒಂದೇ ಭೌತಶಾಸ್ತ್ರವಿದೆ. ಪಾತ್ರೆಯಲ್ಲಿ ನೀರು ಇರುವವರೆಗೆ ಅದರ ಲೋಹವು ಕುದಿಯುವ ನೀರಿಗಿಂತ ಬಹಳ ಹೆಚ್ಚು ಬಿಸಿಯಾಗಲಾರದು. ಬಂದ ಶಾಖವನ್ನೆಲ್ಲ ನೀರು ಹೀರಿಕೊಳ್ಳುತ್ತದೆ. ನೀರು ಬತ್ತಿದ ಕ್ಷಣದಿಂದ ಶಾಖಕ್ಕೆ ಹೋಗಲು ದಾರಿಯಿಲ್ಲ. ತವರ ಸೀಸಗಳ ಬೆಸುಗೆ 200 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತದೆ. ಬರಿದಾದ ಪಾತ್ರೆಯ ಕೆಳಗೆ ಉರಿಯಿಟ್ಟರೆ ಪಾತ್ರೆ ಕೆಡುವುದು ಗಂಟೆಗಳ ಮಾತಲ್ಲ, ನಿಮಿಷಗಳ ಮಾತು.

ಇನ್ನು ನಮ್ಮ ನೀರಿನ ಗುಣ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ದಕ್ಷಿಣ ಮರಾಠಾ ಪ್ರಾಂತದ ಶಿಲೆಗಳನ್ನು ಕುರಿತು 1876ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಕಲಾದಗಿಯ ಹೆಸರಿನಿಂದ ಕರೆಯಲ್ಪಡುವ ನಮ್ಮ ಭಾಗದ ಶಿಲಾಸ್ತರಗಳ ವರ್ಣನೆ ಅದರಲ್ಲಿದೆ. ಈ ಸ್ತರಗಳಲ್ಲಿ ಗಟ್ಟಿಯಾದ ಮರಳುಗಲ್ಲಿನ ಜೊತೆಗೆ ಸುಣ್ಣದ ಕಲ್ಲೂ ಹೇರಳವಾಗಿದೆ. ಯಾದವಾಡ ಲೋಕಾಪುರಗಳ ಕಡೆಗೆ ಹೋದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಇಂಥ ನೆಲದೊಳಗಿಂದ ಬರುವ ನೀರು ಸುಣ್ಣವನ್ನು ಕರಗಿಸಿಕೊಂಡೇ ಬರುತ್ತದೆ. ನಮ್ಮವರು ಅದನ್ನು ಸವಳು ನೀರೆನ್ನುತ್ತಾರೆ. ಸವಳು ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆಯಾಗದು. ಅದನ್ನು ಕಾಯಿಸಿದಾಗ ಕರಗಿದ್ದ ಸುಣ್ಣದ ಅಂಶ ಮತ್ತೆ ಕಲ್ಲಾಗಿ ಪಾತ್ರೆಯ ಒಳಮೈಗೆ ಅಂಟಿಕೊಳ್ಳುತ್ತದೆ. ನೀರು ಹೆಚ್ಚು ಬಿಸಿಯಾದಷ್ಟೂ ಈ ಅಂಟುವಿಕೆ ಹೆಚ್ಚು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕದಲ್ಲಿ ಹೇಳಿದೆ. ಕೊಳವೆ ಬಾವಿಗಳು ಆಳವಾದಂತೆಲ್ಲ ಈ ಸಂಖ್ಯೆಗಳ ಅರ್ಥ ನಮ್ಮ ಮನೆಗಳ ನಲ್ಲಿಯ ಬಾಯಿಯಲ್ಲಿ ಬೆಳ್ಳಗೆ ಕಾಣತೊಡಗಿದೆ.

ಈ ಸುಣ್ಣದ ಪದರ ಶಾಖವನ್ನು ದಾಟಿಸುವುದರಲ್ಲಿ ಬಹು ಸೋಮಾರಿ. ತಾಮ್ರದ ಶಕ್ತಿಯ ನೂರರಲ್ಲಿ ಒಂದು ಪಾಲೂ ಅದಕ್ಕಿಲ್ಲ. ಹೀಗಾಗಿ ಸುಣ್ಣ ಕಟ್ಟಿದ ಹಂಡೆ ಕಟ್ಟಿಗೆಯನ್ನು ತಿನ್ನುತ್ತದೆ, ನೀರನ್ನು ಕಾಯಿಸುವುದಿಲ್ಲ. ಇದಕ್ಕೆ ಪರಿಹಾರವೇನು? ಹುಣಸೆಹಣ್ಣು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ, ಎರಡೂ ಸುಣ್ಣವನ್ನು ಕರಗಿಸಬಲ್ಲವು. ಪರಿಹಾರ ಎಲ್ಲರಿಗೂ ಗೊತ್ತಿತ್ತು. ಪ್ರಶ್ನೆ ಇದ್ದುದು, ಅದನ್ನು ಯಾವಾಗ ಮಾಡಬೇಕು, ಮರೆಯದೆ ಮಾಡುವಂತೆ ಮಾಡುವುದು ಹೇಗೆ ಎಂಬುದರಲ್ಲಿ.

ನಮ್ಮ ಪೂರ್ವಿಕರು ಇದಕ್ಕೆ ಕಂಡುಕೊಂಡ ಉತ್ತರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅವರು ಹಂಡೆಗೊಂದು ಹಬ್ಬವನ್ನಿಟ್ಟರು. ಆಶ್ವೀಜ ಬಹುಳ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಒಲೆಯಿಂದ ಕೀಳಬೇಕು. ಒಳಗಿನ ಸುಣ್ಣವನ್ನು, ಹೊರಗಿನ ಮಸಿಯನ್ನು ಹುಣಸೆಹಣ್ಣು ಬೂದಿಗಳಿಂದ ತಿಕ್ಕಿ ತೆಗೆಯಬೇಕು. ಎಲ್ಲಿಯಾದರೂ ಸೋರುತ್ತಿದ್ದರೆ ಆ ಹೊತ್ತಿಗೆ ಮೊದಲೇ ಬೆಸುಗೆ ಹಾಕಿಸಿರಬೇಕು. ಬಿರುಕುಬಿಟ್ಟ ಒಲೆಗೆ ಹೊಸ ಮಣ್ಣು ಮೆತ್ತಬೇಕು, ಬಚ್ಚಲನ್ನು ಬಳಿಯಬೇಕು. ಆಮೇಲೆ ಹಂಡೆಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಅದರ ಕೊರಳಿಗೆ ಮಾಲಿಂಗನ ಬಳ್ಳಿಯನ್ನು ಸುತ್ತಿ, ಹೊಸ ನೀರು ತುಂಬಿ ಪೂಜಿಸಬೇಕು. ಮರುದಿನ ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣೆನೀರು. ನಾಡಿನ ಬೇರೆ ಕಡೆಗಳಲ್ಲಿ ಬಳ್ಳಿ ಬೇರೆಯಾಗಬಹುದು, ಪಟ್ಟೆಯ ಬಣ್ಣ ಬೇರೆಯಾಗಬಹುದು. ಮಾಡುವ ಕೆಲಸ ಒಂದೇ. ಇಂದಿನ ಭಾಷೆಯಲ್ಲಿ ಇದಕ್ಕೆ ವಾರ್ಷಿಕ ಸರ್ವಿಸಿಂಗ್ ಎನ್ನುತ್ತಾರೆ. ಚಳಿ ಹಿಡಿಯುವುದಕ್ಕೆ ಸರಿಯಾಗಿ ಮೊದಲು, ಪಂಚಾಂಗ ತಪ್ಪಿದರೂ ತಪ್ಪದ ಹಾಗೆ, ಪ್ರತಿಯೊಂದು ಮನೆಯಲ್ಲಿಯೂ ನೀರು ಕಾಯಿಸುವ ಸಾಧನದ ತಪಾಸಣೆ ನಡೆಯುತ್ತಿತ್ತು. ಅದಕ್ಕೆ ಯಾರೂ ನೋಟೀಸು ಕಳಿಸಬೇಕಾಗಿರಲಿಲ್ಲ.

ಹಂಡೆಯ ನಂತರ ಬಂದುದು ಬಂಬ. ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳಲ್ಲಿ ಮರಾಠಿಯೊಡನೆ ಹಂಚಿಕೊಂಡ ಶಬ್ದವಿದು. ಎತ್ತರವಾದ ತಾಮ್ರದ ಉರುಳೆ. ಅದರ ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕೊಳವೆ. ಕೊಳವೆಯ ತಳದಲ್ಲಿ ಜಾಳಿಗೆ. ಕೊಳವೆಯಲ್ಲಿ ಇದ್ದಿಲು ಇಲ್ಲವೆ ಕಟ್ಟಿಗೆಯ ಚಕ್ಕೆ ಹಾಕಿ ಹೊತ್ತಿಸಿದರೆ ಸುತ್ತಲಿನ ನೀರು ಕಾಯುತ್ತದೆ. ರಷ್ಯದೇಶದ ಸಮೋವಾರಿಗೂ ಇದಕ್ಕೂ ದಾಯಾದಿ ಸಂಬಂಧ. ಬೆಂಕಿ ಪಾತ್ರೆಯ ಹೊರಗಿರದೆ ಹೊಟ್ಟೆಯೊಳಗೆ ಇರುವುದರಿಂದ ಉರವಲು ಕಡಿಮೆ ಸಾಕು. ಆದರೆ ಬಂಬವು ಹಂಡೆಗಿಂತ ಸೂಕ್ಷ್ಮ. ಜಾಳಿಗೆಯಲ್ಲಿ ಬೂದಿ ಕಟ್ಟಿದರೆ ಗಾಳಿ ಆಡದು. ಗಾಳಿ ಆಡದಿದ್ದರೆ ಇದ್ದಿಲು ಸರಿಯಾಗಿ ಉರಿಯದೆ ವಿಷಗಾಳಿಯನ್ನು ಬಿಡುತ್ತದೆ. ಆದುದರಿಂದ ಬಂಬವನ್ನು ಅಂಗಳದಲ್ಲಿಯೋ ಪಡಸಾಲೆಯ ತುದಿಯಲ್ಲಿಯೋ ಹೊತ್ತಿಸುತ್ತಿದ್ದರೇ ಹೊರತು ಮುಚ್ಚಿದ ಕೋಣೆಯಲ್ಲಿ ಹೊತ್ತಿಸುತ್ತಿರಲಿಲ್ಲ. ನೀರು ಒಳಗೆ ಹೋಗುತ್ತಿತ್ತು. ಬೆಂಕಿ ಹೊರಗೆ ಉಳಿಯುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಸ್ತಾಪ ಬರಲಿದೆ.

ಹಳೆಯದನ್ನು ಹೊಗಳುತ್ತ ಹೊಸದನ್ನು ಹಳಿಯುವುದು ನಿವೃತ್ತರಿಗೆ ಸುಲಭವಾದ ಉದ್ಯೋಗ. ನನಗೆ ಆ ಉದ್ಯೋಗ ಬೇಡ. ಹಂಡೆಯ ನೀರು ಹಿತವಾಗಿತ್ತು, ನಿಜ. ಆ ಹಿತಕ್ಕೆ ಹೆಣ್ಣುಮಕ್ಕಳು ಕಣ್ಣು ತೆತ್ತರು, ಪುಪ್ಪುಸ ತೆತ್ತರು. ನಸುಕಿನ ನಾಲ್ಕಕ್ಕೆ ಎದ್ದು ಹಸಿಕಟ್ಟಿಗೆಯನ್ನು ಊದುತ್ತ ಕುಳಿತ ಅವ್ವಂದಿರ ಕೆಮ್ಮನ್ನು ಕೇಳಿ ಬೆಳೆದವರು ಯಾರೂ ನೀರೊಲೆಗೆ ಹಿಂತಿರುಗೋಣವೆಂದು ಹೇಳಲಾರರು. ಈ ಕಷ್ಟವನ್ನು ಕಂಡ ವಿಜ್ಞಾನಿಗಳೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಪ್ರಾರಂಭವಾಯಿತು. ಹಳ್ಳಿಗಳ ಬದುಕಿಗೆ ವಿಜ್ಞಾನವನ್ನು ಅನ್ವಯಿಸುವುದು ಅದರ ಗುರಿ. ಅಲ್ಲಿಂದ ಹೊರಟ ಅಸ್ತ್ರ ಒಲೆ ಕರ್ನಾಟಕದಲ್ಲಿ ಮನೆಮಾತಾಯಿತು. ಅದರಲ್ಲಿ ಉರಿಗೆ ಕೆಳಗಿನಿಂದ ಗಾಳಿ ಕೊಡುವ ಜಾಳಿಗೆಯಿತ್ತು, ಹೊಗೆಗೆ ಹೊರಗೆ ಹೋಗಲು ಕೊಳವೆಯಿತ್ತು. ಮಹತ್ವದ ಶೋಧವೆಂದರೆ ಯಾವಾಗಲೂ ಆಕಾಶಕ್ಕೆ ಹಾರಬೇಕಾಗಿಲ್ಲ. ಹೊಗೆಯನ್ನು ಮಾಡಿನಿಂದಾಚೆ ಹಾರಿಸಿದರೂ ಸಾಕು ಎಂಬುದನ್ನು ಆ ಒಲೆ ತೋರಿಸಿಕೊಟ್ಟಿತು.

ಅಷ್ಟರಲ್ಲಿ ಪಟ್ಟಣಗಳಲ್ಲಿ ಗೀಸರು ಬಂದಿತ್ತು. ಈ ಶಬ್ದದ ಮೂಲ ಐಸ್‌ಲ್ಯಾಂಡ್ ದ್ವೀಪದ ಒಂದು ಬಿಸಿನೀರಿನ ಬುಗ್ಗೆಯ ಹೆಸರು. ಬೆಂಜಮಿನ್ ವಾಡಿ ಮಾನ್ ಎಂಬ ಲಂಡನ್ನಿನ ಬಣ್ಣಗಾರ 1868ರಲ್ಲಿ ಅನಿಲದ ಉರಿಯಿಂದ ಕ್ಷಣಾರ್ಧದಲ್ಲಿ ನೀರು ಕಾಯಿಸುವ ಸಾಧನವನ್ನು ರೂಪಿಸಿ ಅದಕ್ಕೆ ಈ ಹೆಸರನ್ನಿಟ್ಟ. ಉರಿಯ ಅನಿಲವನ್ನು ಹೊರಗೆ ಸಾಗಿಸುವ ಕೊಳವೆ ಆ ಮೊದಲ ಗೀಸರಿಗೆ ಇರಲಿಲ್ಲ. ಆ ಒಂದು ಕೊರತೆ ಒಂದೂವರೆ ಶತಮಾನದ ನಂತರವೂ ನಮ್ಮ ಬಚ್ಚಲುಗಳಲ್ಲಿ ಉಳಿದುಕೊಂಡಿದೆ ಎಂಬುದು ಶೋಚನೀಯ.

ಮೊದಲು ವಿದ್ಯುತ್ತಿನ ಗೀಸರನ್ನು ನೋಡೋಣ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು ಮುಕ್ಕಾಲು ಯೂನಿಟ್ಟಿಗೂ ಕಡಿಮೆ ವಿದ್ಯುತ್ತು ಸಾಕು; 2 ಕಿಲೋವ್ಯಾಟಿನ ಸುರುಳಿಗೆ ಇಪ್ಪತ್ತು ನಿಮಿಷದ ಕೆಲಸ. ನಿಮ್ಮ ಮನೆಯ ಗೀಸರು ಇದಕ್ಕೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಿದ್ದರೆ ಅದರ ಹೊಟ್ಟೆಯಲ್ಲಿ ಸುಣ್ಣ ಕಟ್ಟಿರಲೂಬಹುದು, ಬಿಚ್ಚಿಸಿ ನೋಡಬೇಕು. ಹಂಡೆಯ ಸುಣ್ಣ ಕಣ್ಣಿಗೆ ಕಾಣುತ್ತಿತ್ತು. ಇದರ ಸುಣ್ಣ ಬಿಳಿಯ ಕವಚದ ಹಿಂದೆ ಅಡಗಿರುತ್ತದೆ, ಅಷ್ಟೇ ವ್ಯತ್ಯಾಸ. ಗೀಸರಿನ ಕೆಳಗೆ ಒಂದು ಚಿಕ್ಕ ಕವಾಟವಿರುತ್ತದೆ. ಒಳಗಿನ ಒತ್ತಡ ಹೆಚ್ಚಾದಾಗ ಅದು ಹನಿ ಹನಿಯಾಗಿ ನೀರನ್ನು ಹೊರಗೆ ಬಿಡುತ್ತದೆ. ಸೋರುತ್ತದೆಂದು ಅದಕ್ಕೆ ಬಿರಡೆ ಬಡಿಸಿದ ಮಹನೀಯರನ್ನು ನಾನು ಕಂಡಿದ್ದೇನೆ. ಅದು ಸೋರುವಿಕೆಯಲ್ಲ, ನಿಟ್ಟುಸಿರು. ನಿಟ್ಟುಸಿರಿಗೂ ದಾರಿ ಕೊಡದಿದ್ದರೆ ಪಾತ್ರೆ ಸಿಡಿಯುತ್ತದೆ.

ಗೀಸರಿನೊಳಗೆ ಇನ್ನೊಂದು ವಸ್ತುವಿದೆ. ಅದರ ಪರಿಚಯವಾದಂದಿನಿಂದ ನನಗೆ ಅದರಲ್ಲಿ ಗೌರವ. ಮೆಗ್ನೀಸಿಯಂ ಲೋಹದ ಒಂದು ದಂಡ. ಆನೋಡ್ ಎಂದು ಅದರ ಹೆಸರು. ನೀರು ಲೋಹವನ್ನು ತಿನ್ನುವುದು ಸಹಜ. ಉಕ್ಕಿಗಿಂತ ಮೆಗ್ನೀಸಿಯಂ ಹೆಚ್ಚು ಸುಲಭವಾಗಿ ಕರಗುವುದರಿಂದ ನೀರಿನ ಹಸಿವು ಮೊದಲು ಅದರ ಮೇಲೆ ತಿರುಗುತ್ತದೆ. ದಂಡವು ತಾನು ಸವೆಯುತ್ತ ಹೋಗಿ ತೊಟ್ಟಿಯನ್ನು ಕಾಯುತ್ತದೆ. ಅದು ಪೂರ್ತಿ ಕರಗಿದ ದಿನದಿಂದ ನೀರು ತೊಟ್ಟಿಯನ್ನು ತಿನ್ನತೊಡಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಸವೆದಿದ್ದರೆ ಬದಲಿಸಿದರೆ ಗೀಸರಿನ ಆಯುಷ್ಯ ಹೆಚ್ಚುತ್ತದೆ. ಎಲ್ಲರ ಕೊನೆಗೆ ಮೀಯುತ್ತಿದ್ದ ನಮ್ಮ ಅವ್ವಂದಿರು ಮನೆಯೆಂಬ ತೊಟ್ಟಿಗೆ ಇಂಥ ದಂಡಗಳೇ ಆಗಿದ್ದರು. ಅವರನ್ನೂ ಯಾರೂ ತೆಗೆದು ನೋಡುತ್ತಿರಲಿಲ್ಲ.

ನೀರನ್ನು ಉಗುರುಬೆಚ್ಚಗೆ ಇಟ್ಟುಕೊಂಡರೆ ವಿದ್ಯುತ್ತು ಉಳಿಯುವುದೆಂದು ಕೆಲವರು ವಾದಿಸುತ್ತಾರೆ. ಅಮೇರಿಕದ ಫಿಲಡೆಲ್ಫಿಯದಲ್ಲಿ 1976ರಲ್ಲಿ ಮಾಜಿ ಸೈನಿಕರ ಸಮ್ಮೇಳನವೊಂದರಲ್ಲಿ ವಿಚಿತ್ರವಾದ ನ್ಯುಮೋನಿಯ ಹಬ್ಬಿ ಹಲವರು ತೀರಿಕೊಂಡರು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಮರುವರ್ಷ ಗುರುತಿಸಿ ಲೀಜಿಯೋನೆಲ್ಲ ಎಂದು ಕರೆದರು. ನಿಂತ ಬೆಚ್ಚನೆಯ ನೀರು ಅದಕ್ಕೆ ಅಚ್ಚುಮೆಚ್ಚು. 60 ಡಿಗ್ರಿಯ ಬಿಸಿ ಅದಕ್ಕೆ ಮೃತ್ಯು. ಆದುದರಿಂದ ತೊಟ್ಟಿಯಲ್ಲಿ ನೀರು ಚೆನ್ನಾಗಿ ಬಿಸಿಯಿರಲಿ. ಆದರೆ ಅದೇ ಬಿಸಿ ಮಗುವಿನ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡಬಲ್ಲದು. ಬಕೀಟಿನಲ್ಲಿ ತಣ್ಣೀರು ಮೊದಲು, ಬಿಸಿನೀರು ನಂತರ ಎಂಬ ನಮ್ಮ ಹಳೆಯ ಕ್ರಮವೇ ಸರಿಯಾದುದು.

ಈಗ ಹೇಳಲು ಮನಸ್ಸಿಲ್ಲದಿದ್ದರೂ ಹೇಳಲೇಬೇಕಾದ ಒಂದು ಸಂಗತಿಗೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಒಂದು ನಗರದಲ್ಲಿ ಬಾಡಿಗೆಯ ಮನೆಯಲ್ಲಿದ್ದಾರೆ. ಅವರ ಮಗಳು ಪದವಿ ತರಗತಿಯಲ್ಲಿ ಓದುತ್ತಿದ್ದಳು. ಹಳಗನ್ನಡದಲ್ಲಿ ಅವಳಿಗೆ ಅಪರೂಪದ ಆಸಕ್ತಿ. ರಜೆಯಲ್ಲಿ ನನ್ನ ಮನೆಗೆ ಬಂದು ಕುಳಿತು ಪದ್ಯಗಳಿಗೆ ಪ್ರಸ್ತಾರ ಹಾಕುತ್ತಿದ್ದಳು. ಅವಳ ಪೆನ್ಸಿಲ್ಲು ತಪ್ಪಿದ್ದನ್ನು ನಾನು ಹೆಚ್ಚಾಗಿ ಕಾಣಲಿಲ್ಲ. ಒಂದು ಜನವರಿಯ ಮುಂಜಾನೆ ಪರೀಕ್ಷೆಗೆ ಹೋಗಬೇಕಾಗಿದ್ದ ಆ ಹುಡುಗಿ ಬಚ್ಚಲಿಗೆ ಹೋದಳು. ಕಿರಿದಾದ ಬಚ್ಚಲು. ಗೋಡೆಯ ಮೇಲೆ ಅನಿಲದ ಗೀಸರು. ಚಳಿ ಒಳಬಾರದಿರಲೆಂದು ಕಿಂಡಿಗೆ ರಟ್ಟು ಮುಚ್ಚಿತ್ತು. ಅರ್ಧ ಗಂಟೆಯಾದರೂ ಮಗಳು ಬರಲಿಲ್ಲವೆಂದು ತಾಯಿ ಕೂಗಿದರು. ನೀರು ಬೀಳುವ ಸದ್ದಿನ ಹೊರತು ಉತ್ತರವಿಲ್ಲ. ಬಾಗಿಲು ಒಡೆದಾಗ ಹುಡುಗಿ ನೆಲದ ಮೇಲೆ ಬಿದ್ದಿದ್ದಳು.

ಅವಳು ಬದುಕಿದಳು. ಹಾಗೆ ಬದುಕದವರ ಸುದ್ದಿಯನ್ನು ಪ್ರತಿ ಚಳಿಗಾಲದಲ್ಲಿಯೂ ನಾವು ಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ಕೆಲವು ತಿಂಗಳ ನಂತರ ಅವಳನ್ನು ನೋಡಲು ಹೋದೆ. ಮಾತಿನ ನಡುವೆ ಒಂದೊಂದು ಶಬ್ದಕ್ಕಾಗಿ ಹುಡುಕಾಡುತ್ತಿದ್ದಳು. "ಲಘು ಗುರು ತಿಳೀತಾವ್ರಿ ಸರ, ಆದ್ರ ಗಣ ಎಲ್ಲಿ ಮುಗೀತು ಅನ್ನೂದು ಮರತ ಹೋಗ್ತದ" ಎಂದಳು. ತಾಯಿ ಮುಖ ತಿರುಗಿಸಿಕೊಂಡರು. ಬಾಯಿಗೆ ಬಂದ ಸಮಾಧಾನದ ಮಾತುಗಳೆಲ್ಲ ಸಪ್ಪೆಯೆನಿಸಿ ನಾನು ಅವಳ ಮುಂದೆ ಕಾಗದವನ್ನಿಟ್ಟು ಮೊದಲನೆಯ ಪಾಠದಿಂದ ಮತ್ತೆ ಪ್ರಾರಂಭಿಸಿದೆ. ಈಗ ಅವಳು ನಿಧಾನವಾಗಿ ಪ್ರಸ್ತಾರ ಹಾಕುತ್ತಾಳೆ.

ಏನಾಯಿತು ಎಂಬುದನ್ನು ಬಿಡಿಸಿ ಹೇಳುವುದು ಅವಶ್ಯ. ಅನಿಲ ಉರಿಯಬೇಕಾದರೆ ಗಾಳಿಯೊಳಗಿನ ಆಮ್ಲಜನಕ ಬೇಕು. ಮುಚ್ಚಿದ ಬಚ್ಚಲಿನಲ್ಲಿ ಉರಿಯೂ ಮನುಷ್ಯನೂ ಒಂದೇ ಗಾಳಿಗಾಗಿ ಸ್ಪರ್ಧಿಸುತ್ತಾರೆ. ಆಮ್ಲಜನಕ ಕಡಿಮೆಯಾದಂತೆ ಉರಿ ಅರೆಬರೆಯಾಗಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವನ್ನು ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾಗಿ ಈ ವಿಷವನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ, ಕಾಲುಗಳಲ್ಲಿ ಬಲಹೀನತೆ. ಅಷ್ಟರಲ್ಲಿ ಬಾಗಿಲ ಚಿಲುಕವನ್ನು ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಬದುಕಿದವರಲ್ಲಿಯೂ ಕೆಲವರ ನೆನಪಿಗೆ ಪೆಟ್ಟು ಬೀಳುತ್ತದೆ.

ಇದಕ್ಕೆ ಪರಿಹಾರ ದುಬಾರಿಯಾದುದಲ್ಲ. ಅನಿಲದ ಗೀಸರು ಬಚ್ಚಲಿನ ಒಳಗೆ ಇರಲೇಬಾರದು. ಗಾಳಿಯಾಡುವ ಹೊರಗೋಡೆಯ ಮೇಲಿರಬೇಕು, ಕೊಳವೆಯಲ್ಲಿ ನೀರು ಮಾತ್ರ ಒಳಗೆ ಬರಬೇಕು. ಸದ್ಯಕ್ಕೆ ಸ್ಥಳಾಂತರ ಸಾಧ್ಯವಿಲ್ಲದಿದ್ದರೆ ಬಾಗಿಲು ತೆರೆದಿಟ್ಟು ಬಕೀಟುಗಳನ್ನು ತುಂಬಿಕೊಂಡು, ಗೀಸರನ್ನು ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಬೇಕು. ಕಿಂಡಿಗೆ ರಟ್ಟು ಮುಚ್ಚಬಾರದು. ಉರಿ ನೀಲಿಯಾಗಿರುವುದರ ಬದಲು ಹಳದಿಯಾಗಿದ್ದರೆ ಅದು ಉಸಿರುಗಟ್ಟಿದ ಉರಿಯೆಂದು ತಿಳಿದು ರಿಪೇರಿಯವರನ್ನು ಕರೆಯಬೇಕು. ಬಂಬವನ್ನು ಅಂಗಳದಲ್ಲಿಟ್ಟ ಹಿರಿಯರ ನಿಯಮ ಇದೇ ಅಲ್ಲವೆ? ಬೆಂಕಿ ಹೊರಗೆ, ನೀರು ಒಳಗೆ. ಸಾಧನ ಬದಲಾದಾಗ ನಾವು ಬಂಬವನ್ನು ಗುಜರಿಗೆ ಹಾಕಿದೆವು. ಅದರ ಜೊತೆಗೆ ನಿಯಮವನ್ನೂ ಹಾಕಿಬಿಟ್ಟೆವು.

ಬೆಂಕಿಯ ಹಂಗೇ ಬೇಡವೆನ್ನುವವರಿಗೆ ಸೂರ್ಯನಿದ್ದಾನೆ. ಕ್ಲಾರೆನ್ಸ್ ಕೆಂಪ್ ಎಂಬಾತ ಅಮೇರಿಕದ ಬಾಲ್ಟಿಮೋರಿನಲ್ಲಿ 1891ರಲ್ಲಿಯೇ ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದ. ಕರ್ನಾಟಕ ಸರ್ಕಾರವು 2007ರಲ್ಲಿ ನಗರಗಳ ಹೊಸ ಕಟ್ಟಡಗಳಿಗೆ ಸೌರ ನೀರುಕಾಸುವ ಸಾಧನವನ್ನು ಕಡ್ಡಾಯ ಮಾಡಿದ ಮೇಲೆ ಬೆಂಗಳೂರಿನ ಮಾಳಿಗೆಗಳ ರೂಪವೇ ಬದಲಾಯಿತು. ಇಂದು ಸುರೇಬಾನದ ಮಾಳಿಗೆಗಳ ಮೇಲೆಯೂ ಕರಿಯ ಗಾಜಿನ ಕೊಳವೆಗಳು ದಕ್ಷಿಣಕ್ಕೆ ಮುಖಮಾಡಿ ಕುಳಿತಿವೆ. ನಮ್ಮ ಊರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಬಿಸಿನೀರು ಹಗುರ, ತಣ್ಣೀರು ಭಾರ ಎಂಬ ಒಂದೇ ತತ್ವದ ಮೇಲೆ ಪಂಪಿಲ್ಲದೆ, ಸದ್ದಿಲ್ಲದೆ ಇದು ನಡೆಯುತ್ತದೆ. 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಏರಿಸಿದರೆ ಮೂರೂವರೆ ಯೂನಿಟ್ಟು ವಿದ್ಯುತ್ತು ಉಳಿದಂತೆ.

ಆದರೆ ಸೂರ್ಯ ಪುಕ್ಕಟೆಯಾದ ಮಾತ್ರಕ್ಕೆ ಸಾಧನಕ್ಕೆ ಆರೈಕೆ ಬೇಡವೆಂದಲ್ಲ. ಗಾಜಿನ ಮೇಲಿನ ಧೂಳನ್ನು ನಸುಕಿನಲ್ಲಿಯೇ, ಬಿಸಿಲೇರುವ ಮೊದಲು, ತೊಳೆಯಬೇಕು; ಕಾದ ಗಾಜಿಗೆ ತಣ್ಣೀರು ಸೋಕಿದರೆ ಒಡೆಯುವ ಭಯ. ತೊಟ್ಟಿಯ ಮೇಲಿನ ಗಾಳಿಕೊಳವೆಯನ್ನು ಎಂದೂ ಮುಚ್ಚಬಾರದು. ನಮ್ಮಂಥ ಸವಳು ನೀರಿನ ಸೀಮೆಯಲ್ಲಿ ತಾಮ್ರದ ಸಣ್ಣ ಕೊಳವೆಗಳ ಮಾದರಿ ಬೇಗ ಕಟ್ಟಿಕೊಳ್ಳುವುದರಿಂದ ಗಾಜಿನ ಕೊಳವೆಗಳ ಮಾದರಿಯೇ ಮೇಲು. ಅದರ ತೊಟ್ಟಿಯ ಸುಣ್ಣವನ್ನೂ ವರ್ಷಕ್ಕೊಮ್ಮೆ ಹೊರಗೆ ಬಿಡಬೇಕು. ಬಿಸಿನೀರು ಬರುತ್ತಿಲ್ಲವೆಂದು ಜನ ಸೂರ್ಯನನ್ನು ಬೈಯುವುದನ್ನು ಕೇಳಿದ್ದೇನೆ. ಪಾಪ, ಅವನು ತನ್ನ ಕೆಲಸವನ್ನು ಬಿಟ್ಟಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಒಮ್ಮೆ ನಮ್ಮನ್ನು ತನ್ನ ಗಾಡಿಮನೆಯಲ್ಲಿ ಸುತ್ತಾಡಿಸಿದ. ಚಕ್ರದ ಮೇಲಿನ ಮನೆ. ಮಲಗುವ ಜಾಗ, ಒಲೆ, ಬಚ್ಚಲು, ಕೋಣೆಯನ್ನು ಬೆಚ್ಚಗಿಡುವ ಏರ್ಪಾಡು ಎಲ್ಲ ಅದರಲ್ಲಿಯೇ. ಬೆಂಚಿನ ಕೆಳಗಿದ್ದ ಹತ್ತು ಲೀಟರಿನ ಬಾಯ್ಲರನ್ನು ತೋರಿಸಿ, "ಮಾಮಾ, ಇದು ನಮ್ಮ ಸುರೇಬಾನದ ಬಂಬದ ಮೊಮ್ಮಗ ನೋಡ್ರಿ" ಎಂದ. ನೋಡಿದೆ. ಅದರ ಉರಿಗೆ ಗಾಳಿ ಹೊರಗಿನಿಂದಲೇ ಬರುತ್ತದೆ, ಹೊಗೆ ಹೊರಕ್ಕೇ ಹೋಗುತ್ತದೆ. ಒಳಗೆ ಮಲಗಿದವರ ಉಸಿರಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಗೋಡೆಯ ಮೇಲೆ ಕಾರ್ಬನ್ ಮೊನಾಕ್ಸೈಡನ್ನು ಕಂಡರೆ ಕೂಗುವ ಒಂದು ಪುಟ್ಟ ಕಾವಲುಗಾರನಿದ್ದ. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಬಾಯ್ಲರನ್ನೇ ಸೀಳಿಬಿಡುತ್ತದೆ. ಆದುದರಿಂದ ಹೊರಗಿನ ಚಳಿ ಮೂರು ಡಿಗ್ರಿಯ ಸುಮಾರಿಗೆ ಇಳಿದರೆ ತಾನಾಗಿ ತೆರೆದು ನೀರನ್ನೆಲ್ಲ ಸುರಿದುಬಿಡುವ ಒಂದು ಕವಾಟವಿತ್ತು. ಬಾಯ್ಲರಿನ ಬಾಗಿಲ ಹಿಂದೆ ಅಂಟಿಸಿದ್ದ ಚೀಟಿಯಲ್ಲಿ ಮೊದಲನೆಯ ಸೂಚನೆ ಏನಿತ್ತು ಗೊತ್ತೆ? ನೀರು ತುಂಬದೆ ಹೊತ್ತಿಸಬೇಡಿ ಎಂದಿತ್ತು. ನನ್ನ ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಶಾಸನ ಸಮುದ್ರದಾಚೆ ಅಚ್ಚಾಗಿತ್ತು.

ಅವನ ಬಳಿ ಒಂದು ನೋಟುಬುಕ್ಕು ಇತ್ತು. ಯಾವ ದಿನ ಸುಣ್ಣ ತೆಗೆದೆ, ಯಾವ ದಿನ ಅನಿಲದ ಕೊಳವೆಯನ್ನು ಪರೀಕ್ಷೆ ಮಾಡಿಸಿದೆ, ಚಳಿಗಾಲಕ್ಕೆ ಮೊದಲು ಯಾವ ದಿನ ನೀರು ಖಾಲಿಮಾಡಿದೆ, ಎಲ್ಲವೂ ತಾರೀಖು ಸಹಿತ. ಅವರಿಗೆ ನೋಟುಬುಕ್ಕು, ನಮಗೆ ಪಂಚಾಂಗ. ಎರಡರ ಕೆಲಸವೂ ಒಂದೇ. ಮರೆಯುವ ಮನುಷ್ಯನಿಗೆ ಮರೆಯದ ದಿನವೊಂದನ್ನು ಗೊತ್ತುಮಾಡಿಕೊಡುವುದು.

ನಮ್ಮ ಇಂದಿನ ತೊಂದರೆ ಇರುವುದು ಇಲ್ಲಿಯೇ. ಹೊಸ ಸಾಧನಗಳನ್ನು ತಂದೆವು, ಅವುಗಳಿಗೆ ಹಬ್ಬವನ್ನು ಗೊತ್ತುಮಾಡಲಿಲ್ಲ. ನೀರು ತುಂಬುವ ಹಬ್ಬದಂದು ಎಷ್ಟೋ ಮನೆಗಳಲ್ಲಿ ಈಗ ಬಕೀಟಿಗೊಂದು ಕುಂಕುಮದ ಬೊಟ್ಟಿಟ್ಟು ಕೈಮುಗಿಯುತ್ತಾರೆ. ಕೈಮುಗಿಯಲಿ, ಬೇಡವೆನ್ನುವುದಿಲ್ಲ. ಆದರೆ ಆ ಹಬ್ಬದ ಜೀವ ಬೊಟ್ಟಿನಲ್ಲಿ ಇರಲಿಲ್ಲ. ಬೊಟ್ಟಿಡುವ ಮೊದಲು ತಿಕ್ಕಿದ ಕೈಗಳಲ್ಲಿತ್ತು. ಮುಂದಿನ ತ್ರಯೋದಶಿಗೆ ಒಂದು ವಾರ ಮೊದಲೇ ಮನೆಯ ಗೀಸರನ್ನು ಬಿಚ್ಚಿಸಿ ಸುಣ್ಣ ತೆಗೆಸಿರಿ. ಸವೆದ ದಂಡವನ್ನು ಬದಲಿಸಿರಿ. ವಿದ್ಯುತ್ತಿನ ಅರ್ಥಿಂಗ್ ಸರಿಯಿದೆಯೆ ಎಂದು ಬಲ್ಲವರಿಂದ ನೋಡಿಸಿರಿ. ಬಕೀಟಿನಲ್ಲಿ ಕಾಯಿಸುವ ರಾಡು ನಿಮ್ಮಲ್ಲಿದ್ದರೆ ಸ್ವಿಚ್ಚು ಆರಿಸಿ ವಯರು ಕಿತ್ತ ನಂತರವೇ ನೀರು ಮುಟ್ಟಬೇಕೆಂದು ಮಕ್ಕಳಿಗೆ ಹೇಳಿರಿ. ಬಾಡಿಗೆಗೆ ಮನೆ ಕೊಟ್ಟವರು, ವಸತಿಗೃಹ ನಡೆಸುವವರು ಒಮ್ಮೆ ಬಚ್ಚಲಿನೊಳಗೆ ನಿಂತು ಕಿಂಡಿಯನ್ನು ನೋಡಿರಿ. ಅನಿಲದ ಗೀಸರು ಒಳಗಿದ್ದರೆ ಹೊರಗೆ ಹಾಕಿಸಿರಿ. ಇವೆಲ್ಲ ಮುಗಿದ ಮೇಲೆ ಬೇಕಾದರೆ ಗೀಸರಿನ ಕೊರಳಿಗೂ ಒಂದು ಮಾಲಿಂಗನ ಬಳ್ಳಿಯನ್ನು ಸುತ್ತಿರಿ. ನಗುವವರು ನಗಲಿ.

ಬಹಳ ಸಂತೋಷವಾದಾಗ ಹಂಡೆ ಹಾಲು ಕುಡಿದಷ್ಟಾಯಿತು ಎನ್ನುವುದು ನಮ್ಮ ರೂಢಿ. ಹಂಡೆಯ ತುಂಬ ಹಾಲನ್ನು ಕುಡಿದವರನ್ನು ನಾನು ಕಂಡಿಲ್ಲ. ಹಂಡೆಯ ತುಂಬ ಬಿಸಿನೀರು ಕಾದಿದೆ, ಅದರಿಂದ ಮನೆಯಲ್ಲಿ ಯಾರಿಗೂ ಕೇಡಿಲ್ಲ, ಕೊನೆಗೆ ಮೀಯುವವರಿಗೂ ಅದು ಉಳಿದಿದೆ ಎಂಬ ಭರವಸೆ ಆ ಹಾಲಿಗಿಂತ ಕಡಿಮೆಯದೇನೂ ಅಲ್ಲ.